ಅಮೀನಬಿ ತೆಗೆಸಿದ ಬಾಗಿಲು

ಗದಗ ಸ್ಟೇಷನ್ನಿನಿಂದ ಬೆಟಗೇರಿ ಕಡೆ ಹೋಗುವ ರಸ್ತೆಯಲ್ಲಿ ಆಗ ಹತ್ತಿ ಗಿರಣಿಗಳ ತಗಡಿನ ಮಾಡುಗಳೇ ಸಾಲಾಗಿ ಕಾಣುತ್ತಿದ್ದವು. ದೀಪಾವಳಿ ಮುಗಿದದ್ದೇ ತಡ, ಸುತ್ತಲಿನ ಹಳ್ಳಿಗಳಿಂದ ಹತ್ತಿ ಹೇರಿಕೊಂಡ ಚಕ್ಕಡಿಗಳು ಬಂದು ಗಿರಣಿಗಳ ಮುಂದೆ ನಿಲ್ಲುತ್ತಿದ್ದವು. ಗಾಳಿ ಬಿಟ್ಟರೆ ರಸ್ತೆಯ ಬೇವಿನ ಗಿಡಗಳಿಗೆಲ್ಲ ಅರಳೆ ಸಿಕ್ಕಿಕೊಳ್ಳುತ್ತಿತ್ತು. ಈ ಗಿರಣಿಗಳಲ್ಲಿ ಒಂದು ಈಶಪ್ಪ ಸಾವುಕಾರರದು. ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳು ಅಲ್ಲಿ ಎದುರುಬದುರು ಎರಡು ಸಾಲಾಗಿದ್ದವು. ಒಂದೊಂದು ಯಂತ್ರದ ಮುಂದೆ ಒಬ್ಬೊಬ್ಬ ಹೆಣ್ಣುಮಗಳು ನಿಂತು ಹತ್ತಿ ಉಣಿಸಬೇಕು. ಹೊರಗೆ ಅಂಗಳದಲ್ಲಿ ಇನ್ನಷ್ಟು ಮಂದಿ ಕುಂತು ಹತ್ತಿಯೊಳಗಿನ ಕಸಕಡ್ಡಿ, ಕಲ್ಲು ಆರಿಸಬೇಕು. ಈ ಎಲ್ಲ ಹೆಣ್ಣಾಳುಗಳ ಮೇಲಿನ ಮುಕದ್ದಮಳು ಅಮೀನಬಿ ನದಾಫ.

ಅಮೀನಬಿ ಲಕ್ಷ್ಮೇಶ್ವರದ ಪಿಂಜಾರರ ಮನೆಯ ಮಗಳು. ಆಳು ಎತ್ತರ, ದನಿ ಅದಕ್ಕಿಂತ ಎತ್ತರ. ಯಂತ್ರಗಳ ಗದ್ದಲದ ನಡುವೆ ಆಕೆ ಒಂದು ಹೆಸರು ಕೂಗಿದರೆ ಗೇಟಿನ ಹೊರಗೆ ನಿಂತ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು ಎಂದು ಜನ ನಗುತ್ತಿದ್ದರು. ಆದರೆ ಈ ದನಿ ಒಂದು ಕಾಲಕ್ಕೆ ಪೂರಾ ಅಡಗಿಹೋಗಿತ್ತು. ಮನೆಮನೆಗೆ ತಿರುಗಿ ಗಾದಿ ತುಂಬುತ್ತಿದ್ದ ಗಂಡ ಶೇಖಸಾಬ ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲೆ ಅಮೀನಬಿ ಮೂಲೆ ಹಿಡಿದು ಕುಂತುಬಿಟ್ಟಳು. ತಲೆ ಬಾಚಲಿಲ್ಲ, ಒಲೆ ಹೊತ್ತಿಸಲಿಲ್ಲ, ಯಾರೊಂದಿಗೂ ಮಾತಿಲ್ಲ. ಆಗ ಈ ಗಿರಣಿಯ ಹಳೆಯ ಮುಕದ್ದಮಳಾಗಿದ್ದ ಸಾವಕ್ಕ ಬಂದು, ಆಕೆಯ ಕೈ ಹಿಡಿದು ಎಬ್ಬಿಸಿ, ಗಿರಣಿಯ ಅಂಗಳಕ್ಕೆ ಕರೆತಂದು, ಮುಂದೆ ಒಂದು ರಾಶಿ ಹತ್ತಿ ಸುರಿದಳು. "ಆರ್ಸು" ಎಂದಳು, ಅಷ್ಟೇ. ಸಮಾಧಾನದ ಮಾತಿಲ್ಲ, ಬುದ್ಧಿಮಾತಿಲ್ಲ. ದಿನಾ ಪಕ್ಕದಲ್ಲಿ ಕುಂತು ತಾನೂ ಹತ್ತಿ ಆರಿಸಿದಳು. ಹೀಗೇ ಒಂದು ಮಧ್ಯಾಹ್ನ ಅಮೀನಬಿ ತಾನಾಗಿಯೇ ಬಾಯಿ ಬಿಟ್ಟು, "ಅವ್ವಾ, ರೊಟ್ಟಿ ಭಾಳ ಬಿರುಸ ಆಗ್ಯಾವ ಇವತ್ತ" ಎಂದಳಂತೆ. ಸಾವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ತನ್ನ ರೊಟ್ಟಿ ಮುರಿದು ಕೊಟ್ಟಳಂತೆ. ಸಾವಕ್ಕನ ನಂತರ ಆ ಜಾಗಕ್ಕೆ ಅಮೀನಬಿಯೇ ಬಂದಳು.

ಎಪ್ಪತ್ತೇಳನೆಯ ಇಸವಿ. ಶಿವರಾತ್ರಿ ಮುಗಿದಿತ್ತು, ಹೋಳಿ ಬಂದಿರಲಿಲ್ಲ. ಊಟದ ಹೊತ್ತಿನ ಭೋಂಗಾ ಕೂಗಲು ಇನ್ನೂ ಸ್ವಲ್ಪ ಹೊತ್ತಿದ್ದಾಗ ಗಿರಣಿಯೊಳಗೆ ಬೆಂಕಿ ಬಿತ್ತು. ಕಿಡಿ ಎಲ್ಲಿಂದ ಹಾರಿತೋ ಯಾರಿಗೂ ತಿಳಿಯಲಿಲ್ಲ. ಅರಳೆಯ ರಾಶಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಧಗಧಗ ಎಂದಿತು. ಗಿರಣಿಗೆ ಇದ್ದದ್ದು ಮುಂದಿನ ಬಾಗಿಲು ಒಂದೇ. ಅಮೀನಬಿ ಅದರ ಒಂದು ಬದಿಗೆ ನಿಂತು, ಒಬ್ಬೊಬ್ಬರ ಹೆಸರು ಕೂಗಿ, ರಟ್ಟೆ ಹಿಡಿದು ಹೊರಗೆ ಎಳೆದಳು. ಹೆಣ್ಣುಮಕ್ಕಳೆಲ್ಲ ಪಾರಾದರು. ಒಳಗಿನ ಕೊನೆಯಲ್ಲಿ ಯಂತ್ರಗಳನ್ನು ತಿರುಗಿಸುವ ಪಟ್ಟಾ ನೋಡಿಕೊಳ್ಳುತ್ತಿದ್ದ ಫಿಟ್ಟರ್ ಸಕ್ರಪ್ಪ ಮತ್ತು ಎಣ್ಣೆ ಹಾಕುವ ಮೂಕಪ್ಪ ಇಬ್ಬರೇ ಉಳಿದರು. ಸಕ್ರಪ್ಪ ಗೋಡೆ ಹಿಡಿದು ಮುಂದೆ, ಅವನ ಹೆಗಲ ಮೇಲೆ ಕೈಯಿಟ್ಟು ಮೂಕಪ್ಪ ಹಿಂದೆ, ಹೀಗೆ ಹೊಗೆಯೊಳಗೆ ಹೆಜ್ಜೆ ಹಾಕಿದ್ದರು. ಅಂಗಳಕ್ಕೆ ಬಂದು ಬಿದ್ದ ಮೇಲೆಯೇ ಸಕ್ರಪ್ಪನಿಗೆ ತಿಳಿದದ್ದು, ಹೆಗಲ ಮೇಲೆ ಕೈ ಇಲ್ಲವೆಂದು. ತಿರುಗಿ ನೋಡಿದ. ಬಾಗಿಲ ತುಂಬ ಬೆಂಕಿ ಇತ್ತು.

ಮಾಡು ರಿಪೇರಿಯಾಗಿ ಗಿರಣಿ ಮತ್ತೆ ಸುರುವಾದಾಗ ಸಕ್ರಪ್ಪ ಕೆಲಸಕ್ಕೆ ಬಂದ. ಭೋಂಗಾ ಆಯಿತು, ಪಟ್ಟಾ ತಿರುಗಿತು, ಅವನು ಯಂತ್ರದ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಂತು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಎಬ್ಬಿಸಿದರು, ಮೈಯೆಲ್ಲ ನೀರು. ಮರುದಿನವೂ ಹಾಗೇ. ನಡೆಯುವಾಗ ಅವನು ಮತ್ತೆ ಮತ್ತೆ ನಿಂತು ಹಿಂದೆ ತಿರುಗಿ ನೋಡುತ್ತಿದ್ದ. ನೋಡಿ, ಕೈಯಿಂದ ಹೆಗಲು ಮುಟ್ಟಿಕೊಳ್ಳುತ್ತಿದ್ದ. ಗೇಟಿನಿಂದ ಒಳಗೆ ಬರುವಷ್ಟರಲ್ಲಿ ಎಷ್ಟೋ ಸಲ. ಹುಡುಗಾಟದವರು ಅವನ ಹಿಂದೆ ಹೋಗಿ ಹಾಗೇ ಮಾಡಿ ತೋರಿಸಿ ನಕ್ಕರು.

ಗಿರಣಿಯ ಮಿಸ್ತ್ರಿ ಖಾಸಿಂಸಾಬ ಸಾವುಕಾರರ ಕಚೇರಿಗೆ ಹೋದ. ಅಮೀನಬಿ ಅಲ್ಲೇ ಇದ್ದಳು.

"ಸಾವ್ಕಾರ್ರ, ಸಕ್ರಪ್ಪನ್ನ ಬಿಡಸ್ರಿ. ಅವನ ತಲಿ ಕೆಟ್ಟೈತಿ. ನಾಳೆ ಪಟ್ಟಾದಾಗ ಕೈ ಕೊಟ್ರ ಯಾರ ಜವಾಬ್ದಾರಿ?"

ಈಶಪ್ಪ ಕೆಟ್ಟ ಮನುಷ್ಯನಲ್ಲ. ಹಣೆಯ ವಿಭೂತಿ ಒರೆಸಿಕೊಳ್ಳುತ್ತ, "ಅವನ ಹೇಣ್ತೀನ್ನ ಕರಸಿ ಹೇಳ್ರಿ, ಮನ್ಯಾಗ ಇಟಗೊಳ್ಳಲಿ" ಎಂದರು.

"ಮನ್ಯಾಗ ಕುಂತ್ರ ಅಂವ ಮುಗದಂಗ್ರಿ," ಅಮೀನಬಿ ಅಂದಳು. "ಯಂತ್ರದ ಹತ್ರ ಬ್ಯಾಡ, ಅದು ಖರೆ. ನನ್ನ ಸಾಲಿಗೆ ಕೊಡ್ರಿ. ಅಂಗಳದಾಗ ಕುಂತು ಹತ್ತಿ ಆರಸ್ಲಿ."

"ಹೆಂಗಸರ ಸಾಲಿಗೆ?" ಖಾಸಿಂಸಾಬ ನಕ್ಕುಬಿಟ್ಟ.

"ಹತ್ತಿಗೇನ ಗೊತ್ತಾಕೈತಿ ಆರಸೂ ಕೈ ಯಾರದಂತ?"

ಹೇಗೂ ಸುಗ್ಗಿ ಮುಗಿಯುತ್ತ ಬಂದಿತ್ತು. ಸಾವುಕಾರರು, "ಆತು, ನೋಡೋಣು" ಎಂದರು.

ಹೀಗೆ ಫಿಟ್ಟರ್ ಸಕ್ರಪ್ಪ ಹೆಣ್ಣುಮಕ್ಕಳ ನಡುವೆ ಕುಂತು ಹತ್ತಿ ಆರಿಸತೊಡಗಿದ. ಮೊದಮೊದಲು ತಲೆ ಎತ್ತಲಿಲ್ಲ. ಅಮೀನಬಿ ಏನೂ ಕೇಳಲಿಲ್ಲ. ಸಾವಕ್ಕ ತನಗೆ ಮಾಡಿದ್ದನ್ನೇ ಮಾಡಿದಳು. ನೆರಳು ಸರಿದ ಹಾಗೆ ಅವನ ರಾಶಿಯನ್ನೂ ಸರಿಸಿದಳು, ಬಿಸಿಲೇರಿದರೆ ನೀರಿನ ಚೆರಿಗೆ ಕೊಟ್ಟಳು. ಸ್ವಲ್ಪ ದಿನದಲ್ಲಿ ಅವನ ಕೈ ಚುರುಕಾಯಿತು. ಒಂದು ದಿನ ಊಟಕ್ಕೆ ಅಂಗಳಕ್ಕೆ ಬಂದ ಯಂತ್ರದ ಸಾಲಿನ ಮುದುಕಿ ಶಾರದವ್ವ ತನ್ನ ಸೊಸೆಯ ಅಡುಗೆಯ ಬಗ್ಗೆ ಏನೋ ಹೇಳಿದ್ದಕ್ಕೆ ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದನ್ನು ಕಂಡು ಅಮೀನಬಿಗೆ ಭಾಳ ಧೈರ್ಯ ಬಂತು. ಬಂದದ್ದು ಸ್ವಲ್ಪ ಹೆಚ್ಚೇ ಆಯಿತು. ಮೂಕಪ್ಪನ ಹೆಂಡತಿ ಕರಿಯವ್ವನಿಗೆ ಸಾವುಕಾರರು ಗಿರಣಿಯಲ್ಲೇ ಕೆಲಸ ಕೊಟ್ಟಿದ್ದರು. ಎದುರಾಬದುರಾ ಕುಂತರೆ ಇಬ್ಬರ ಎದೆಯೂ ಹಗುರಾದೀತೆಂದು ಅಮೀನಬಿ ಅವಳನ್ನು ತಂದು ಸಕ್ರಪ್ಪನ ಮುಂದೆಯೇ ಕೂರಿಸಿದಳು.

ಸಕ್ರಪ್ಪ ಒಮ್ಮೆ ಕರಿಯವ್ವನ ಬರಿಗೊರಳು ನೋಡಿದ. ಹತ್ತಿ ಕೈಯಲ್ಲಿದ್ದ ಹಾಗೇ ಎದ್ದು ಗೇಟು ದಾಟಿ ಹೋದ. ಸಂಜೆ ಮನೆಗೂ ಬರಲಿಲ್ಲ. ಎರಡು ದಿನ ಹುಡುಕಿದ ಮೇಲೆ ಬೆಳ್ಳಟ್ಟಿಯಿಂದ ಖಬರು ಬಂತು, ಹೆಂಡತಿ ಅಮೃತವ್ವನ ತವರಿನಲ್ಲಿ ಇದ್ದಾನೆ, ದನದ ಕೊಟ್ಟಿಗೆ ಬಿಟ್ಟು ಹೊರಗೆ ಬರುತ್ತಿಲ್ಲ.

ಅಮೀನಬಿ ಅಮೃತವ್ವನ ಮುಂದೆ ಕುಂತು ತನ್ನ ಹಣೆ ತಾನೇ ಬಡಿದುಕೊಂಡಳು. "ಗಾಯ ಮಾಯೂದಕ್ಕಿಂತ ಮೊದ್ಲ ಪಟ್ಟಿ ಬಿಚ್ಚಿದೆ ನಾನು. ಏಳವ್ವ, ಹೋಗಿ ಕರಕೊಂಡ ಬರೋಣು."

ಶಿರಹಟ್ಟಿಯ ಬಸ್ಸು ಹಿಡಿದು, ಅಲ್ಲಿ ಬಸ್ಸು ಬದಲಿಸಿ, ಇಬ್ಬರೂ ಬೆಳ್ಳಟ್ಟಿಗೆ ಹೋದರು. ಅಮೃತವ್ವನ ಮನೆಯವರು ಸಕ್ರಪ್ಪನ ತೋಳಿಗೆ ತಾಯಿತ ಕಟ್ಟಿಸಿದ್ದರು. ಮೂಕಪ್ಪನ ಗಾಳಿ ಬಡಿದಿದೆ, ಬಿಡಿಸಬೇಕು ಎಂಬ ಮಾತು ನಡೆದಿತ್ತು. ಅಮೀನಬಿ ತಾಯಿತದ ತಂಟೆಗೆ ಹೋಗಲಿಲ್ಲ. ಕೊಟ್ಟಿಗೆಗೆ ಹೋಗಿ ಮೇವು ಹಾಕುವ ಗ್ವಾದಲಿಯ ಕಟ್ಟೆಯ ಮೇಲೆ ಕುಂತಳು.

"ತಮ್ಮಾ, ತಪ್ಪ ನಂದು. ಕರಿಯವ್ವನ್ನ ನಿನ್ನ ಮುಂದ ಕುಂಡ್ರಸಬಾರದಾಗಿತ್ತು."

ಸಕ್ರಪ್ಪ ಕೈಯಿಂದ ಹೆಗಲು ಮುಟ್ಟಿಕೊಂಡ. "ಅಕ್ಕಾ, ಅವನ ಕೈ ಇತ್ತು ನನ್ನ ಹೆಗಲ ಮ್ಯಾಲ. ಯಾವಾಗ ಬಿಟ್ಟಾನೋ ನನಗ ಗೊತ್ತಾಗಲಿಲ್ಲ. ಹಿಂದ ಬರಾಕ್ಹತ್ಯಾನ ಅಂತ ತಿಳದಿದ್ನಿ. ಗೊತ್ತಾಗಬೇಕಾಗಿತ್ತಲ್ಲ?"

ಅಮೀನಬಿ ಕಟ್ಟೆಯಿಂದ ಇಳಿದು ಅವನ ಪಕ್ಕದಲ್ಲಿ ಕುಂತಳು. "ಧಾರವಾಡದಾಗ ಇದಕ್ಕ ದೊಡ್ಡ ಡಾಕ್ಟರ ಅದಾರಂತ. ನಾನೂ ಬರ್ತೀನಿ, ಹೋಗೋಣು" ಎಂದಳು.

"ಹುಚ್ಚರ ದವಾಖಾನಿಗೆ?" ಅಮೃತವ್ವನ ಅವ್ವ ಅಂಗಳದಿಂದಲೇ ಎದೆ ಬಡಿದುಕೊಂಡಳು. "ನಾಳೆ ಮೊಮ್ಮಗಳ್ನ ಯಾರು ಹೆಣ್ಣ ಕೇಳಾಕ ಬರ್ತಾರ?"

"ಕಾಲ ಮುರದ್ರ ಪಟ್ಟಿ ಕಟ್ಟಸಾಕ ಹೋಗ್ತೀರೋ ಇಲ್ಲೋ? ಇದೂ ಹಂಗ," ಅಮೀನಬಿ ಅಂದಳು. ಮುದುಕಿ ಒಪ್ಪಲಿಲ್ಲ. ಒಪ್ಪಿದವಳು ಅಮೃತವ್ವ. ಗಂಡನ ಅಂಗಿ ಜಾಡಿಸಿ ಕೊಟ್ಟು, "ಏಳ್ರಿ" ಎಂದಳು.

ಮುಂಗಾರಿನ ಮೊದಲ ಮೋಡ ಕಟ್ಟಿದ್ದ ಒಂದು ಮುಂಜಾನೆ ಮೂವರೂ ಗದಗಿನಲ್ಲಿ ರೈಲು ಹತ್ತಿದರು. ಧಾರವಾಡದ ಮಾನಸಿಕ ಆಸ್ಪತ್ರೆಯ ಡಾಕ್ಟರು ಕನ್ನಡಕ ಹಾಕಿದ, ಸಣ್ಣ ದನಿಯ ಮನುಷ್ಯ. ಸಕ್ರಪ್ಪ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು.

"ಇದು ಹುಚ್ಚಲ್ಲ," ಎಂದರು. "ಆವತ್ತಿನ ಅಂಜಿಕಿ ಮೈಯಾಗ ಕುಂತುಬಿಟ್ಟೈತಿ. ನಿದ್ದಿಗೆ ಔಷಧ ಕೊಡ್ತೀನಿ. ಆದ್ರ ಕೆಲಸ ಬಿಡಸಬ್ಯಾಡ್ರಿ. ಮೊದ್ಲ ದೂರದಿಂದ ಯಂತ್ರ ನೋಡ್ಲಿ, ಆಮ್ಯಾಲ ನಿಂತದ್ದನ್ನ ಮುಟ್ಲಿ, ಆಮ್ಯಾಲ ತಿರಗೂದರ ಹತ್ರ ಹೋಗ್ಲಿ. ಅವಸರ ಮಾಡಬ್ಯಾಡ್ರಿ." ಆಮೇಲೆ ಅಮೀನಬಿಯ ಕಡೆ ತಿರುಗಿದರು. "ಗಿರಣ್ಯಾಗ ಉಳಿದವರು ಹೆಂಗದಾರವ್ವ?"

"ಅವರಿಗೇನ್ರಿ, ಎಲ್ಲಾರೂ ಆರಾಮ..." ಎಂದವಳು ಅಲ್ಲಿಗೇ ನಿಂತಳು. ಶಾರದವ್ವ ಯಂತ್ರದ ಮುಂದೆ ನಿಂತಾಗ ಬಾಗಿಲನ್ನೇ ನೋಡುತ್ತಿರುತ್ತಾಳೆ. ಇನ್ನೊಬ್ಬಳು ಒಲೆ ಹೊತ್ತಿಸುವುದನ್ನು ಮಗಳಿಗೆ ವಹಿಸಿದ್ದಾಳೆ. ತಾನೇ ಎಷ್ಟೋ ಸಲ ನಿದ್ದೆಯೊಳಗೆ ಹೆಸರು ಕೂಗಿ ಎದ್ದಿದ್ದಾಳೆ. "ಕೇಳಿಲ್ರಿ ಸಾಹೇಬ್ರ," ಎಂದಳು. "ನಾ ಯಾರನ್ನೂ ಕೇಳೇ ಇಲ್ಲ."

"ಕೇಳ್ರಿ," ಎಂದರು ಡಾಕ್ಟರು.

ಮಳೆಗಾಲವೆಲ್ಲ ಸಕ್ರಪ್ಪ ಔಷಧ ತೆಗೆದುಕೊಂಡ. ನಿದ್ದೆ ಹತ್ತಿತು, ಮೈ ಹಿಡಿಯಿತು. ಮೊದಲಿನಷ್ಟು ಹಿಂದೆ ತಿರುಗುತ್ತಿರಲಿಲ್ಲ. ದೀಪಾವಳಿ ಮುಗಿದು ಗಿರಣಿ ಸುರುವಾದಾಗ ಅವನನ್ನು ಮತ್ತೆ ತನ್ನ ಸಾಲಿನಲ್ಲೇ ಕೂರಿಸಿಕೊಂಡಳು ಅಮೀನಬಿ. ಕರಿಯವ್ವನಿಗೆ ಮಾತ್ರ ಸಾಲಿನ ಆ ತುದಿಯ ಜಾಗ. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿದಾಗ ಡಾಕ್ಟರು ಹೇಳಿದ ಕೆಲಸಕ್ಕೆ ಕೈ ಹಾಕಿದಳು. ಕೇಳುವ ಮುಂಚೆ ತಾನೇ ಹೇಳಿದಳು.

"ನನಗ ಇನ್ನೂ ಕನಸ ಬೀಳತಾವ. ಒಬ್ಬೊಬ್ಬರ ಹೆಸರ ಕರೀತೀನಿ. ಯಾರೂ ಓ ಅನ್ನಂಗಿಲ್ಲ."

ಶಾರದವ್ವ ರೊಟ್ಟಿ ಕೆಳಗಿಟ್ಟು ಮೆಲ್ಲಗೆ, "ಯಂತ್ರದ ಮುಂದ ನಿಂತ್ರ ನನ್ನ ಕಣ್ಣ ಬಾಗಲದ ಮ್ಯಾಲಽ ಇರತೈತಿ, ಯಾರಿಗೂ ಹೇಳಿಲ್ಲ," ಎಂದಳು. ಇನ್ನೊಬ್ಬಳು ತನ್ನದನ್ನು ಹೇಳಿದಳು. ಮತ್ತೊಬ್ಬಳು ಹೇಳಲಾರದೆ ಅತ್ತಳು, ಅಳುವುದಕ್ಕೂ ಬಿಟ್ಟರು. ಅಂದಿನಿಂದ ಊಟದ ಹೊತ್ತು ಅದೇ ರೂಢಿಯಾಯಿತು. ಮಾತಾಡಬೇಕೆನ್ನುವವರು ಮಾತಾಡಬೇಕು, ಉಳಿದವರು ಕೇಳಬೇಕು, ಕೇಳಿದ್ದು ಗೇಟು ದಾಟಬಾರದು.

ಖಾಸಿಂಸಾಬನಿಗೆ ಇದು ಸರಿಬರಲಿಲ್ಲ. "ಊಟದ ಹೊತ್ತಿನ್ಯಾಗ ಅಳೂದು ಕಲಸೂ ಸಾಲಿ ತಗದಾಳ" ಎಂದು ಸಾವುಕಾರರ ಕಿವಿಗೆ ಹಾಕಿದ. ಈಶಪ್ಪ ಅಮೀನಬಿಯನ್ನು ಕರೆಸಿ ಸಿಡಿದರು. "ನಾ ಗಿರಣಿ ನಡಸಲೋ, ದವಾಖಾನಿ ನಡಸಲೋ? ಆಗಿದ್ದ ಆಗಿ ಹೋತು. ಮತ್ತ ಮತ್ತ ಅದನ್ನ ಕೆದಕಿದ್ರ ಇದ್ದವರೂ ಅಂಜತಾರ. ನಾಳಿಂದ ಬಂದ್."

ಅಮೀನಬಿ ಕಚೇರಿಯಿಂದ ಮುಖ ಸಣ್ಣದು ಮಾಡಿಕೊಂಡು ಬಂದಳು. ಊಟದ ಹೊತ್ತಿಗೆ ಎಲ್ಲರೂ ಅಲ್ಲೊಬ್ಬರು ಇಲ್ಲೊಬ್ಬರು ಕುಂತು ಉಂಡರು.

ಅದಾದ ಸ್ವಲ್ಪ ದಿನಕ್ಕೆ, ಗಿರಣಿ ತುಂಬ ಕೆಲಸ ನಡೆದಾಗ, ಪಟ್ಟಾ ಬಿಸಿಯಾಗಿ ಒಂದಿಷ್ಟು ಸುಟ್ಟ ವಾಸನೆ ಬಂತು. ಬೆಂಕಿಯೇನೂ ಇರಲಿಲ್ಲ. ಆದರೆ ಯಾರೋ "ಬೆಂಕಿ!" ಎಂದರು. ಅಷ್ಟೇ ಸಾಕಾಯಿತು. ಇಡೀ ಗಿರಣಿ ಒಂದೇ ಸಲ ಬಾಗಿಲಿಗೆ ಬಿತ್ತು. ಒಬ್ಬರ ಮೇಲೊಬ್ಬರು ಬಿದ್ದರು, ಶಾರದವ್ವನ ಕೈ ಮುರಿಯಿತು. ಎಲ್ಲರಿಗಿಂತ ಮೊದಲು ಅಂಗಳಕ್ಕೆ ಓಡಿಬಂದವನು ಖಾಸಿಂಸಾಬ. ಗೋಡೆಗೆ ಆತು ನಿಂತಿದ್ದ, ಬೀಡಿ ಹಚ್ಚಲು ಹೋಗಿ ಕಡ್ಡಿಯ ಮೇಲೆ ಕಡ್ಡಿ ಮುರಿಯುತ್ತಿದ್ದ. ಅವನ ಕೈಯಿಂದ ಬೀಡಿ ಕಟ್ಟು ಇಸಿದುಕೊಂಡು, "ಕುಂಡ್ರಿ ಮಿಸ್ತ್ರಿ, ಉಸರ ಬಿಡ್ರಿ" ಎಂದವನು ಸಕ್ರಪ್ಪ. ಗದ್ದಲವಾದಾಗ ಹೊರಗೆ ಅಂಗಳದಲ್ಲಿದ್ದ ಅವನು ಓಡಿಹೋಗಿರಲಿಲ್ಲ, ಬಿದ್ದವರನ್ನು ಎತ್ತುತ್ತಿದ್ದ. ಅಮೀನಬಿ ಅದನ್ನು ಕಂಡಳು.

ಶಾರದವ್ವನ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಅಮೀನಬಿ ನೇರ ಕಚೇರಿಗೆ ನಡೆದಳು. ಈಶಪ್ಪ ಗಾದಿಯ ಮೇಲೆ ತಲೆ ಹಿಡಿದುಕೊಂಡು ಕುಂತಿದ್ದರು. ಗಿರಣಿ ನಿಂತಿತ್ತು, ನಾಳೆ ಬರಲು ಯಾರೂ ತಯಾರಿರಲಿಲ್ಲ.

"ಸಾವ್ಕಾರ್ರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹೋದ ಸುಗ್ಗ್ಯಾಗ ಬೆಂಕಿ ಬಿದ್ದಾಗಿನಿಂದ ನೀವು ಗಿರಣಿ ಒಳಗ ಕಾಲಿಟ್ಟೀರೇನ್ರಿ?"

ಈಶಪ್ಪ ತಲೆ ಎತ್ತಿದರು. ಮೊದಲೆಲ್ಲ ದಿನಕ್ಕೆರಡು ಸಲ ಒಳಗೆ ಬಂದು ಅರಳೆಯನ್ನು ಬೆರಳಲ್ಲಿ ಎಳೆದು ನೋಡುತ್ತಿದ್ದ ಮನುಷ್ಯ. ಈಗ ಎಲ್ಲ ಖಬರೂ ಖಾಸಿಂಸಾಬನ ಮೂಲಕ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. "ಬಾಗಿಲತನಕ ಹೋಗ್ತೀನಿ ಅಮೀನಬಿ," ಎಂದರು. "ಮುಂದ ಕಾಲ ಏಳಂಗಿಲ್ಲ."

"ಮತ್ತ ನಾವು ದಿನಾ ಏಳಸ್ತೀವಲ್ಲರಿ."

ಈಶಪ್ಪ ಅವಳ ಕಡೆ ತಿರುಗಿದರು. "ಏನ ಮಾಡಬೇಕಂತಿ ಹೇಳು."

"ಹಿಂದಿನ ಗ್ವಾಡಿಗೆ ಬಾಗಲಾ ತಗಸ್ರಿ. ಹೊರಗ ಹೋಗೂ ಹಾದಿ ಕಣ್ಣಿಗೆ ಕಂಡ್ರ ಎದಿ ತಂಪ ಆಕೈತಿ. ಬರೇ ಅಂಜಬ್ಯಾಡ್ರಿ ಅಂದ್ರ ಅಂಜಿಕಿ ಹೋಗಂಗಿಲ್ಲ."

"ಬಾಗಲಾ ಎರಡ ಆದ್ರ ಅರಳಿ ಕಳುವಾಕೈತಿ. ಅಪ್ಪನ ಕಾಲದಿಂದ ಅದಕ್ಕಽ ಒಂದ ಬಾಗಲಾ."

"ಹೋದ ಅರಳಿ ಮುಂದಿನ ಸುಗ್ಗಿಗೆ ಬರತೈತ್ರಿ. ಮೂಕಪ್ಪ ಬರಂಗಿಲ್ಲ."

ಈಶಪ್ಪ ತಲೆಯಾಡಿಸಿದರು. ಅಮೀನಬಿ ಉಳಿದದ್ದನ್ನೂ ಹೇಳಿದಳು: ಊಟದ ಹೊತ್ತಿನ ಮಾತುಕತೆ ಮತ್ತೆ ನಡೆಯಬೇಕು, ಅಂಜಿಕೊಂಡರೆಂದು ಯಾರನ್ನೂ ಕೆಲಸದಿಂದ ತೆಗೆಯಬಾರದು, ಧೈರ್ಯ ಬರುವ ತನಕ ಅಂಗಳದಲ್ಲಿ ಕೆಲಸ ಕೊಡಬೇಕು, ಧಾರವಾಡಕ್ಕೆ ಹೋಗಬೇಕೆನ್ನುವವರಿಗೆ ರಜೆ ಕೊಡಬೇಕು. ಈಶಪ್ಪ ಎಲ್ಲದಕ್ಕೂ ಹೂಂ ಎಂದರು. ಕೊನೆಗೆ, "ಗವಂಡಿಗೆ ಹೇಳಿ ಕಳಸ್ತೀನಿ" ಎಂದರು.

"ಗವಂಡಿ ಚೌಕಟ್ಟ ಕುಂಡ್ರಸ್ಲಿ. ಗ್ವಾಡಿ ಒಡಿಯೂದು ನಾವು," ಅಂದಳು ಅಮೀನಬಿ.

ಮರುದಿನ ಬರುವುದಿಲ್ಲವೆಂದವರೆಲ್ಲ ಬಂದರು. ಹಾರೆ, ಸುತ್ತಿಗೆ, ಬುಟ್ಟಿ ಹಿಡಿದುಕೊಂಡು ಬಂದರು. ಕಟ್ಟಿದ ಕೈಯನ್ನು ಕೊರಳಿಗೆ ಹಾಕಿಕೊಂಡು ಶಾರದವ್ವನೂ ಬಂದು ಒಂದು ಗಟ್ಟಿ ಕಲ್ಲಿನ ಮೇಲೆ ಕುಂತಳು. ಗವಂಡಿ ಮಾಡಿನ ತೊಲೆಗೆ ಆನಿಕೆ ಕೊಟ್ಟು, ಗೋಡೆಯ ಮೇಲೆ ಸುಣ್ಣದಲ್ಲಿ ಬಾಗಿಲಿನ ಗುರುತು ಹಾಕಿದ. ಯಂತ್ರಗಳು ನಿಂತಿದ್ದವು, ಒಳಗೆ ಹೊಗೆಯ ಕರಿ ಇನ್ನೂ ಗೋಡೆಗೆ ಅಂಟಿತ್ತು.

ಮೊದಲ ಏಟು ಯಾರು ಹಾಕಬೇಕೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಬಾಗಿಲಲ್ಲಿ ಸಕ್ರಪ್ಪ ಕಾಣಿಸಿದ. ಬೆಂಕಿಯ ನಂತರ, ಕೆಲಸಕ್ಕೆ ಮರಳಿದ ಮೊದಲ ಎರಡು ದಿನ ಬಿಟ್ಟರೆ, ಅವನು ಹೊಸ್ತಿಲು ದಾಟಿರಲಿಲ್ಲ. ಅಮೀನಬಿ ಕರೆಯಲೇ ಎಂದುಕೊಂಡಳು, ಕರೆಯಲಿಲ್ಲ. ಅವನು ಒಳಗೆ ಹೆಜ್ಜೆ ಹಾಕಿದ. ಅರ್ಧ ದಾರಿಗೆ ಬಂದು ನಿಂತ, ಹಿಂದೆ ತಿರುಗಿದ, ಕೈ ಹೆಗಲಿಗೆ ಹೋಯಿತು.

ಆಗ ಕರಿಯವ್ವ ಎದ್ದು ಅವನ ಹತ್ತಿರ ನಡೆದು ಬಂದಳು. ಅವಳು ಏನು ಮಾಡುತ್ತಾಳೋ ಎಂದು ಅಮೀನಬಿ ಒಂದು ಹೆಜ್ಜೆ ಮುಂದೆ ಬಂದಳು. ಇದು ಆಕೆ ಹೇಳಿಕೊಟ್ಟದ್ದಲ್ಲ.

"ಅಣ್ಣಾ," ಎಂದಳು ಕರಿಯವ್ವ. "ನೀ ಅವತ್ತ ತಿರುಗಿ ಒಳಗ ಹೋಗಿದ್ರ ಅಮೃತವ್ವನೂ ನನ್ನಂಗ ಆಗ್ತಿದ್ಲು. ಅಷ್ಟಽ. ನನ್ನ ಗಂಡ ನಿನ್ನ ಹೆಗಲ ಹಿಡಕೊಂಡು ಅಷ್ಟ ದೂರಾದ್ರೂ ಬಂದ. ಒಬ್ಬನಽ ಇರಲಿಲ್ಲ ಅಂವ. ಅದು ನನಗ ಸಾಕು."

ಸಕ್ರಪ್ಪ ಹೆಗಲ ಮೇಲಿನ ಕೈ ಇಳಿಸಿದ. "ನಿನಗ ಮುಖಾ ತೋರಸಾಕ ಆಗಲಿಲ್ಲ ತಂಗಿ ನನಗ," ಎಂದ.

"ಈಗ ತೋರಿಸಿದೆಲ್ಲ. ಹಾರಿ ಹಿಡಿ."

ಹಾರೆಯನ್ನು ಕರಿಯವ್ವನೇ ಅವನ ಕೈಗೆ ಕೊಟ್ಟಳು. ಸಕ್ರಪ್ಪ ಸುಣ್ಣದ ಗುರುತಿನ ನಡುವೆ ಮೊದಲ ಏಟು ಹಾಕಿದ. ಗಾರೆ ಉದುರಿತು. ಎರಡನೆಯದು ಹಾಕಿದ, ಮೂರನೆಯದು ಹಾಕಿದ, ಆಮೇಲೆ ಯಾರೂ ಎಣಿಸಲಿಲ್ಲ. ಅಳುತ್ತಲೇ ಹೊಡೆದ. ಕಣ್ಣೀರು, ಬೆವರು, ಧೂಳು ಸೇರಿ ಮುಖ ಗುರುತು ಸಿಗದಂತಾಯಿತು. ಅವನು ದಣಿದಾಗ ಖಾಸಿಂಸಾಬ ಅಂಗಿ ಕಳಚಿ ಹಾರೆ ತೆಗೆದುಕೊಂಡ. ಹೆಣ್ಣುಮಕ್ಕಳು ಸಾಲು ನಿಂತು ಕಲ್ಲು ಕೈಯಿಂದ ಕೈಗೆ ದಾಟಿಸಿದರು. ಶಾರದವ್ವ ಕುಂತಲ್ಲಿಂದಲೇ ಬೀಸುವ ಕಲ್ಲಿನ ಹಾಡು ಎತ್ತಿದಳು, ಉಳಿದವರು ದನಿಗೂಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಒಂದು ದೊಡ್ಡ ಕಲ್ಲು ಆಚೆಗೆ ಉರುಳಿತು. ಆ ಕಿಂಡಿಯಿಂದ ಬಿಸಿಲು ಒಳಗೆ ನುಗ್ಗಿ ಯಂತ್ರಗಳ ಮೇಲೆ ಬಿತ್ತು. ಆಚೆಗೆ ಬಯಲು, ಒಂದು ಜಾಲಿಯ ಗಿಡ, ಮೇಯುತ್ತಿದ್ದ ಎರಡು ಆಡು ಕಂಡವು. ಯಾರಿಗೆ ಏನನ್ನಿಸಿತೋ, ಎಲ್ಲರೂ ಒಂದೇ ಸಲ ಹೋ ಎಂದು ಕೂಗಿದರು. ಆಡುಗಳು ಬೆದರಿ ಓಡಿದ್ದನ್ನು ಕಂಡು ನಗು ಉಕ್ಕಿತು. ಅಮೀನಬಿ ತಿರುಗಿ ನೋಡಿದರೆ ಮುಂದಿನ ಬಾಗಿಲಿನಿಂದ ಈಶಪ್ಪ ಸಾವುಕಾರರು, ಧೋತರದ ಚುಂಗು ಕೈಯಲ್ಲಿ ಹಿಡಿದು, ನಿಧಾನಕ್ಕೆ ಒಳಗೆ ಬರುತ್ತಿದ್ದರು. ಗಿರಣಿಯ ಉದ್ದಕ್ಕೂ ನಡೆದು, ಒಡೆದ ಗೋಡೆಯನ್ನು ದಾಟಿ, ಬಯಲಿಗೆ ಹೋಗಿ ನಿಂತರು.

"ಬಂದ್ನಲ್ಲಾ!" ಎಂದರು, ತಮಗೇ ನಂಬಿಕೆಯಿಲ್ಲದವರ ಹಾಗೆ.

"ಬಂದ್ರಿ ಸಾವ್ಕಾರ್ರ," ಎಂದಳು ಅಮೀನಬಿ.

ಡಾಕ್ಟರು ಹೇಳಿದ ಹಾದಿಯಲ್ಲೇ ಸಕ್ರಪ್ಪ ಯಂತ್ರದ ಹತ್ತಿರ ಬಂದ. ಮೊದಲು ನಿಂತ ಯಂತ್ರಗಳನ್ನು ಒರೆಸಿದ, ಬಿಚ್ಚಿ ಜೋಡಿಸಿದ. ಆಮೇಲೆ ಹೊಸ ಬಾಗಿಲಲ್ಲಿ ನಿಂತು ತಿರುಗುವುದನ್ನು ನೋಡಿದ. ಕೆಲವು ದಿನ ಮುಂದೆ ಹೋದ, ಕೆಲವು ದಿನ ಹಿಂದೆ ಸರಿದ. ಹಿಂದೆ ಸರಿದ ದಿನ ಅಮೀನಬಿ ಅವನ ಮುಂದೆ ಹತ್ತಿಯ ರಾಶಿ ಸುರಿಯುತ್ತಿದ್ದಳು, ಅಷ್ಟೇ. ಸಂಕ್ರಮಣ ಕಳೆದ ಮೇಲೆ ಒಂದು ಮುಂಜಾನೆ ಖಾಸಿಂಸಾಬ ಎಂಜಿನ್ನಿನ ಹಿಡಿಕೆಯನ್ನು ತಾನಾಗಿಯೇ ಬಿಟ್ಟು ದೂರ ಸರಿದು, "ನೀ ಮಾಡೋ ಸಕ್ರಪ್ಪ, ನಿನ್ನ ಕೈಗೆ ಅದು ಲಗೂನ ಹತ್ತತೈತಿ" ಎಂದ. ಭೋಂಗಾ ಆಯಿತು. ಸಕ್ರಪ್ಪನ ಕಣ್ಣರೆಪ್ಪೆ ಬಡಿಯಿತು, ಕಾಲು ಕದಲಲಿಲ್ಲ. ಹಿಡಿಕೆ ತಿರುವಿದ. ಪಟ್ಟಾ ಸರ್ರೆಂದಿತು, ಎರಡೂ ಸಾಲಿನ ಯಂತ್ರಗಳು ಎದ್ದು ಕುಂತಂತೆ ಗದ್ದಲ ಮಾಡಿದವು. ಹೆಣ್ಣುಮಕ್ಕಳು ಹತ್ತಿಯನ್ನು ಮುಷ್ಟಿ ಮುಷ್ಟಿ ಮೇಲಕ್ಕೆ ತೂರಿದರು. ಮರುದಿನ ಅಮೃತವ್ವ ಗಿರಣಿಗೆಲ್ಲ ಬೆಲ್ಲದ ಸಿಹಿ ಮಾದಲಿ ಮಾಡಿಕೊಂಡು ಬಂದಳು.

ಆಮೇಲಿನ ವರ್ಷಗಳಲ್ಲಿ ಆ ಗಿರಣಿಯ ಊಟದ ಹೊತ್ತಿನ ಮಾತುಕತೆ ಊರಲ್ಲೆಲ್ಲ ಸುದ್ದಿಯಾಯಿತು. ಬೆಂಕಿಯ ಮಾತು ಹಿಂದೆ ಸರಿದು ಬೇರೆಯವು ಬಂದವು. ಬಾಣಂತನದಲ್ಲಿ ಮಗು ಕಳೆದುಕೊಂಡವಳು, ಕುಡಿಯುವ ಗಂಡನಿಂದ ನಿದ್ದೆ ಕೆಟ್ಟವಳು, ಯಾವ ಕಾರಣವೂ ಇಲ್ಲದೆ ಎದೆ ಭಾರವೆನ್ನುವವಳು, ಎಲ್ಲರಿಗೂ ಅಲ್ಲಿ ಜಾಗವಿತ್ತು. ಗಂಡಾಳುಗಳು ಮೊದಲು ದೂರ ಕುಂತು ಕಿವಿಗೊಟ್ಟರು, ಆಮೇಲೆ ಹತ್ತಿರ ಸರಿದರು. ಧಾರವಾಡದ ರೈಲು ಹತ್ತುವವರಿಗೆ ಈಗ ಯಾರೂ ಹುಚ್ಚರೆನ್ನುತ್ತಿರಲಿಲ್ಲ. ಹತ್ತಿದವರೇ ಬಂದು, "ಡಾಕ್ಟರ್ ನಿನ್ನ ಕೇಳಿದ್ರವ್ವ" ಎಂದು ಅಮೀನಬಿಗೆ ಹೇಳುತ್ತಿದ್ದರು. ಬಾಗಿಲು ಎರಡಾದರೂ ಅರಳೆ ಕಳುವಾಗಲಿಲ್ಲ. ಅಕ್ಕಪಕ್ಕದ ಗಿರಣಿಗಳವರು ಬಂದು ನೋಡಿಕೊಂಡು ಹೋಗಿ ತಾವೂ ಹಿಂದಿನ ಗೋಡೆ ಒಡೆಸಿದರು.

ಎಂಬತ್ತನಾಲ್ಕರ ಚಳಿಗಾಲದಲ್ಲಿ ಮುಂಡರಗಿಯ ಒಂದು ಗಿರಣಿಯಲ್ಲಿ ಒಬ್ಬ ಹೆಣ್ಣುಮಗಳ ಕೈ ಯಂತ್ರಕ್ಕೆ ಸಿಕ್ಕಿತು. ಜೀವ ಉಳಿಯಿತು, ಆದರೆ ಕಣ್ಣಾರೆ ಕಂಡವರು ಯಂತ್ರದ ಮುಂದೆ ನಿಲ್ಲಲಾರದಾದರು. ಅಲ್ಲಿಯ ಮಾಲೀಕ ಗದಗಿಗೆ ಜೀಪು ಕಳಿಸಿ, ಅಮೀನಬಿ ಬಂದು ನಾಲ್ಕು ಮಾತು ಹೇಳಿ ಆಳುಗಳನ್ನು ಕೆಲಸಕ್ಕೆ ಹಚ್ಚಬೇಕೆಂದು ಕೇಳಿಕೊಂಡ. ಅಮೀನಬಿ ಸಕ್ರಪ್ಪನನ್ನೂ ಕರಿಯವ್ವನನ್ನೂ ಜತೆಗೆ ಕರೆದುಕೊಂಡು ಜೀಪು ಹತ್ತಿದಳು. ಕೂದಲು ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು.

ಆದರೆ ಅಂದು ಆ ದನಿಗೆ ಕೆಲಸವೇ ಬೀಳಲಿಲ್ಲ. ಸಕ್ರಪ್ಪ ಹತ್ತಿ ಒಟ್ಟುವ ಕೋಣೆಯಲ್ಲಿ ಎಲ್ಲರ ನಡುವೆ ಕುಂತು ತನ್ನ ಕತೆ ಹೇಳಿದ, ಹೆಗಲ ಮೇಲಿನ ಕೈಯ ಕತೆ. ಕರಿಯವ್ವ ತನ್ನದನ್ನು ಹೇಳಿದಳು. ಆಮೇಲೆ ಮುಂಡರಗಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಸಂಜೆಯ ಹೊತ್ತಿಗೆ ತಮಗೆ ಏನು ಬೇಕೆಂಬುದು ಅವರಿಗೇ ತಿಳಿದಿತ್ತು: ಯಂತ್ರದ ಬಾಯಿಗೆ ಕಬ್ಬಿಣದ ಜಾಳಿಗೆ, ಧೈರ್ಯ ಬರುವ ತನಕ ಅಂಗಳದ ಕೆಲಸ, ಊಟದ ಹೊತ್ತಿಗೆ ತಮ್ಮದೇ ಒಂದು ಜಾಗ. ಮಾಲೀಕ ಬಾಗಿಲಲ್ಲಿ ನಿಂತು, "ಮುಗೀತೇನವ್ವ? ನಾಳಿಂದ ಬರ್ತಾರೇನ?" ಎಂದು ಅಮೀನಬಿಯನ್ನು ಕೇಳಿದ.

ಅಮೀನಬಿ ಬಾಯಿ ತೆರೆಯುವುದರೊಳಗೆ ರಸೂಲಬಿ ಎಂಬ ಸಣ್ಣ ಮೈಕಟ್ಟಿನ ಹೆಂಗಸು, ಮುಂಜಾನೆಯಿಂದ ತಲೆ ತಗ್ಗಿಸಿಯೇ ಕುಂತವಳು, ಎದ್ದು ನಿಂತಳು. ಅವಳ ಹಿಂದೆ ಉಳಿದವರೆಲ್ಲ ಎದ್ದರು.

"ಒಳಗ ಬರ್ರಿ ಸಾವ್ಕಾರ್ರ," ಎಂದಳು ರಸೂಲಬಿ. "ಇಲ್ಲಿ ಕುಂಡ್ರಿ. ನಮ್ಮದೊಂದೀಟ ಮಾತ ಐತಿ, ಕೇಳ್ರಿ."

ಮಾಲೀಕ ಚಪ್ಪಲಿ ಬಿಟ್ಟು ಒಳಗೆ ಬಂದು ಹತ್ತಿಯ ರಾಶಿಯ ಪಕ್ಕದಲ್ಲಿ ಕುಂತ.